ಝಾಡಿಸಿದರೂ ಉದುರದ ಮಣ್ಣು

ಅಂಬಾರಾಯ ಕಾಕಾ ಹೊರಗಿನಿಂದ ಬಂದವರು ನೇರವಾಗಿ ಮನೆಯೊಳಗೆ ಹೋದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಮೊದಲು ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂಡುತ್ತಿದ್ದರು. ಚಪ್ಪಲಿ ಬಿಚ್ಚಿ, ಅದರ ಅಡಿಗೆ ಹತ್ತಿದ ಮಣ್ಣನ್ನು ಮುರಿದ ಕುಡುಗೋಲಿನ ತುಂಡಿನಿಂದ ಕೆರೆದು, ಅಂಗೈಯಲ್ಲಿ ಹಿಡಿದುಕೊಂಡು ಹೋಗಿ ನುಗ್ಗೆ ಗಿಡದ ಬುಡಕ್ಕೆ ಹಾಕುತ್ತಿದ್ದರು. ಬೇಸಿಗೆಯಲ್ಲಿ ಕೆರೆಯಲು ಏನೂ ಇರುತ್ತಿರಲಿಲ್ಲ. ಆಗ ಎರಡೂ ಚಪ್ಪಲಿಗಳನ್ನು ಗಿಡದ ಬುಡದಲ್ಲಿ ಒಂದಕ್ಕೊಂದು ಬಡಿಯುತ್ತಿದ್ದರು. ಜ್ವರ ಬಂದಾಗಲೂ ಬಿಡಲಿಲ್ಲ. ಮದುವೆಯ ಊಟ ಮುಗಿಸಿ ಹೊಸ ಧೋತರದಲ್ಲಿ ಬಂದಾಗಲೂ ಬಿಡಲಿಲ್ಲ.

"ಮಂದಿ ಊರಿಗೆ ಹೋದ್ರ ಬೆಂಡು ಬತ್ತಾಸ ತರ್ತಾರ. ನಮ್ಮವರು ಮಣ್ಣ ತರ್ತಾರ" ಎಂದು ಅವರ ಹೆಂಡತಿ ಮಾಣಿಕಮ್ಮ ನಮ್ಮ ಗೋಡೆಯ ಆಚೆಯಿಂದ ನನಗೆ ಕೇಳುವಂತೆ ಹೇಳುತ್ತಿದ್ದಳು.

ಚೌಡಾಪುರದಲ್ಲಿ ಗಾಣಗಾಪುರಕ್ಕೆ ತಿರುಗುವ ರಸ್ತೆಯ ಮೂಲೆಗೆ ಒಂದು ಬೇವಿನ ಮರವಿತ್ತು. ಅದರ ಕೆಳಗೆ ಕಾಕಾ ಸೈಕಲ್ ಪಂಕ್ಚರ್ ತಿದ್ದುತ್ತಿದ್ದರು. ಅದು ಹೊಟ್ಟೆಯ ಕೆಲಸ. ಮನಸ್ಸಿನ ಕೆಲಸ ಬೇರೆ. ಹರೆಯದಲ್ಲಿ ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ತೆಗೆದುಕೊಂಡಿದ್ದರು. ಪಾದ್ರಿಗಳು ಅಬ್ರಹಾಮ ಎಂದು ಹೆಸರಿಟ್ಟರು. ನಮ್ಮ ಸೀಮೆಯ ನಾಲಿಗೆಯ ಮೇಲೆ ಆ ಹೆಸರು ನಾಲ್ಕು ದಿನ ಹೊರಳಾಡಿ ತಿರುಗಿ ಅಂಬಾರಾಯನೇ ಆಯಿತು. ಓಣಿಯ ತುದಿಯ ತಗಡಿನ ಗುಡಿಗೆ ಅವರು ಉಪದೇಶಿ. ಅಂದರೆ ಪಾದ್ರಿಗಳು ಬರದ ಭಾನುವಾರ ಪ್ರಾರ್ಥನೆ ನಡೆಸುವುದು, ಉಳಿದ ಬಿಡುವಿನಲ್ಲಿ ಸುತ್ತಲಿನ ಹಳ್ಳಿಗಳಿಗೆ ಹೋಗಿ ಯೇಸುವಿನ ಮಾತು ಹೇಳುವುದು. ಅವರ ಪಾಲಿಗೆ ಬಂದ ಹಳ್ಳಿ ಮದ್ದರಗಿ.

ಮದ್ದರಗಿಗೆ ಆಗ ರಸ್ತೆ ಇರಲಿಲ್ಲ. ಕಪ್ಪು ಮಣ್ಣಿನ ಎರೆ ಹೊಲಗಳ ನಡುವೆ ಗಾಡಿಯ ಜಾಡು ಅಷ್ಟೆ. ಎರೆಮಣ್ಣಿನ ಗುಣ ನಮ್ಮವರಿಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಹಿಟ್ಟಿನಂತೆ ಹಾರುತ್ತದೆ. ನಾಲ್ಕು ಹನಿ ಬಿದ್ದರೆ ಹಿಡಿದ ಕಾಲನ್ನು ಬಿಡುವುದಿಲ್ಲ. ಹತ್ತಿಯ ಗಾಡಿಯ ಮೇಲಿಂದ ಬಿದ್ದು ಕಾಕಾನ ಬಲ ಮೊಣಕಾಲು ಹರೆಯದಲ್ಲೇ ಕೆಟ್ಟಿತ್ತು. ಮಳೆಗಾಲದಲ್ಲಿ ಸೈಕಲ್ಲಿನ ಚಕ್ರಕ್ಕೆ ಮಣ್ಣು ಕಟ್ಟಿಕೊಂಡು ತಿರುಗದಾದಾಗ ಕಾಕಾ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತುಕೊಂಡು ಕುಂಟುತ್ತ ಬರುತ್ತಿದ್ದರು. ದೂರದಿಂದ ನೋಡಿದವರಿಗೆ ಸೈಕಲ್ಲೇ ಅವರನ್ನು ಹಿಡಿದುಕೊಂಡು ಬರುತ್ತಿದೆ ಅನ್ನಿಸುತ್ತಿತ್ತು.

ಒಂದು ಸಲ ಗುಲಬರ್ಗಾದಿಂದ ಜಯಶೀಲ ಪಾದ್ರಿಗಳು ಬಂದಾಗ ಕಾಕಾ ಕೇಳಿಯೇಬಿಟ್ಟರು. "ಮದ್ದರಗಿ ಬಿಡ್ಲೇನ್ರಿ ಅಯ್ಯನವರೇ? ಮೊಣಕಾಲು ಒಲ್ಲೆ ಅಂತದ."

ಪಾದ್ರಿಗಳು ಒಳ್ಳೆಯವರು. ಕಾಲಿಗೆ ಬೂಟು, ಕೆಳಗೆ ಮೋಟರ್ ಸೈಕಲ್ಲು. "ಬಿಡೂದು ನಿನ್ನ ಕೈಯಾಗ ಇಲ್ಲ ಅಂಬಾರಾಯ. ಅವರು ನಿನ್ನ ಬ್ಯಾಡ ಅನಬೇಕು" ಎಂದು ಹೇಳಿ, ಯೇಸು ತನ್ನ ಶಿಷ್ಯರನ್ನು ಊರೂರಿಗೆ ಕಳಿಸುವಾಗ ಹೇಳಿದ ಮಾತನ್ನು ಓದಿ ತೋರಿಸಿದರು. ಯಾವ ಮನೆಯವರು ನಿಮ್ಮನ್ನು ಸೇರಿಸಿಕೊಳ್ಳುವುದಿಲ್ಲವೋ, ನಿಮ್ಮ ಮಾತಿಗೆ ಕಿವಿಗೊಡುವುದಿಲ್ಲವೋ, ಆ ಮನೆಯಿಂದ ಹೊರಡುವಾಗ ಕಾಲಿಗೆ ಹತ್ತಿದ ಧೂಳನ್ನು ಝಾಡಿಸಿಬಿಡಿ, ಎಂಬ ಅರ್ಥದ ಮಾತು ಅದು. "ಧೂಳಿ ಝಾಡಿಸಿದಿ ಅಂದ್ರ ಅಲ್ಲಿಗೆ ನಿನ್ನ ಹೊಣಿ ಮುಗೀತು" ಎಂದರು ಪಾದ್ರಿಗಳು.

ಕಾಕಾ ಮನೆಗೆ ಬಂದು ಮಾಣಿಕಮ್ಮನಿಗೆ ಹೇಳಿದರು. "ಹಾದಿ ಸಿಕ್ತು ನೋಡು. ಒಬ್ಬರು ಬ್ಯಾಡ ಅಂದ್ರ ಸಾಕು."

ಅಂದಿನಿಂದ ಅವರ ಆಸೆ ಒಂದೇ. ಮದ್ದರಗಿ ತಮ್ಮನ್ನು ಬೇಡ ಅನ್ನಬೇಕು. ಮರ್ಯಾದೆಯಿಂದ, ವಾಕ್ಯದ ಪ್ರಕಾರ, ಮೊಣಕಾಲಿಗೆ ಬಿಡುಗಡೆ ಆಗಬೇಕು.

ಆದರೆ ಬೇಡ ಅನ್ನುವವರು ಯಾರು? ನಮ್ಮ ಕಡೆ ಬಾಗಿಲಿಗೆ ಬಂದವನನ್ನು ಬರಿಬಾಯಲ್ಲಿ ಕಳಿಸುವ ರಿವಾಜಿಲ್ಲ. ಮದ್ದರಗಿಯಲ್ಲಿ ಕಾಕಾನಿಗೆ ಇದ್ದದ್ದು ಒಂದೇ ಮನೆ, ದೌಲತರಾಯರದು. ಹೊಲಮನೆ ಇದ್ದ ಶರಣ ಕುಟುಂಬ. ವಾದ ಮಾಡುವುದೆಂದರೆ ದೌಲತರಾಯರಿಗೆ ಹೋಳಿಗೆ ತಿಂದಷ್ಟು ಖುಷಿ. ಉಳಿದ ಮನೆಗಳವರು ಕಾಕಾನನ್ನು ಆ ಮನೆಗೇ ಕಳಿಸುತ್ತಿದ್ದರು. ಅಲ್ಲಿ ಕಾಕಾ ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದರು, ದೌಲತರಾಯರು ಹೊಸ್ತಿಲ ಒಳಗೆ. ಚಹಾ ಬರುತ್ತಿತ್ತು. ಕಾಕಾನ ಕಪ್ಪು ಮಾತ್ರ ಬೇರೆ; ಹಿಡಿಕೆ ಮುರಿದದ್ದು, ಹೊರಗೋಡೆಯ ಗೂಡಿನಲ್ಲಿ ಅದರ ವಾಸ. ಕುಡಿದು, ತೊಳೆದು, ಅಲ್ಲೇ ಇಟ್ಟು ಬರಬೇಕು. ಎಲ್ಲರೂ ಒಂದೇ ಎಂದು ಹೇಳಿದ ಬಸವಣ್ಣನವರ ಪಟ ಒಳಗೋಡೆಯ ಮೇಲಿತ್ತು. ಕಪ್ಪು ಹೊರಗೋಡೆಯಲ್ಲಿತ್ತು. ನಡುವೆ ಒಂದೇ ಗೋಡೆ.

ಕಾಕಾ ಇದನ್ನೂ ಪಾದ್ರಿಗಳ ಮುಂದೆ ಇಟ್ಟರು. "ಚಾ ಕೊಡ್ತಾರ್ರಿ, ಬಾಗಿಲ ಹೊರಗ. ಕಪ್ಪು ಬ್ಯಾರೇ. ಇದು ಸೇರಿಸಿಕೊಂಡಂಗೋ, ಬ್ಯಾಡ ಅಂದಂಗೋ?"

ಪಾದ್ರಿಗಳು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಅದು ನಡುವಿಂದು" ಎಂದರು.

"ನಡುವಿಂದಕ್ಕ ಎಷ್ಟು ಧೂಳಿ ಝಾಡಸಬೇಕ್ರಿ?"

ಪಾದ್ರಿಗಳು ಕನ್ನಡಕವನ್ನು ಮತ್ತೆ ಒರೆಸಿದರು.

ತುರ್ತು ಪರಿಸ್ಥಿತಿ ಮುಗಿದ ವರ್ಷ ಮಿರಗದ ಮಳೆ, ಅಂದರೆ ಬಿತ್ತನೆಯ ಮೊದಲ ಮಳೆ, ಚೆನ್ನಾಗಿ ಬಿತ್ತು. ಮರುದಿನ ಕಾಕಾ ಮದ್ದರಗಿಗೆ ಹೋದಾಗ ದೌಲತರಾಯರು ಅಂಗಳದಲ್ಲಿ ಕೂರಿಗೆ ಕಟ್ಟುತ್ತಿದ್ದರು. ಊರಿನವರೆಲ್ಲ ಆಗಲೇ ಬಿತ್ತಲು ಹೋಗಿದ್ದರು. ಇವರ ಒಂದು ಎತ್ತು ಮುನಿಸಿಕೊಂಡು ಮಲಗಿತ್ತು. ಇಂಥ ಹೊತ್ತಿನಲ್ಲಿ ಕಾಕಾ ಪುಸ್ತಕ ತೆಗೆದರು.

ದೌಲತರಾಯರು ಹಗ್ಗ ಎಸೆದರು. "ಲೇ ಅಂಬಾರಾಯ, ಕೂರಿಗಿ ಕಟ್ಟಾಕತ್ತೇನಿ, ಕಣ್ಣ ಕಾಣಂಗಿಲ್ಲೇನು? ನಿನ್ನ ಯೇಸು ಬಂದು ನನ್ನ ಹೊಲಾ ಬಿತ್ತತಾನೇನು? ನಿನ್ನ ಮಾತೂ ಬ್ಯಾಡ, ನೀನೂ ಬ್ಯಾಡ. ಇನ್ನ ಈ ಬಾಗಿಲಿಗೆ ಬರಬ್ಯಾಡ."

ಕಾಕಾನ ಎದೆ ಹಗುರಾಯಿತು. ಆದರೂ ಖಾತ್ರಿ ಮಾಡಿಕೊಳ್ಳಬೇಕಲ್ಲ. "ಖರೇ ಅಂತೀರೇನ್ರಿ ಸಾವಕಾರ್ರೇ?"

"ಖರೇ."

"ಇನ್ನೊಮ್ಮೆ ಅನ್ರಿ. ಬರೋಬ್ಬರಿ ಕೇಳಿಸ್ಲಿಲ್ಲ."

"ಬ್ಯಾಡಲೇ."

ಕಾಕಾ ಪುಸ್ತಕವನ್ನು ಚೀಲಕ್ಕೆ ಹಾಕಿ, ಬಾಗಿಲ ಮುಂದೆ ನಿಂತು, ಬಲಗಾಲು ಎತ್ತಿ ಝಾಡಿಸಿದರು. ಏನೂ ಉದುರಲಿಲ್ಲ. ಎಡಗಾಲು ಎತ್ತಿದರು. ಬಲಗಾಲು ಇನ್ನೂ ಆಳಕ್ಕೆ ಇಳಿಯಿತು. ನೆಲಕ್ಕೆ ಜೋರಾಗಿ ತುಳಿದು ನೋಡಿದರು. ತುಳಿದಷ್ಟೂ ಮಣ್ಣು ಅಡಿಗೆ ಹತ್ತಿ, ನೋಡುನೋಡುತ್ತ ಕಾಕಾ ನಾಲ್ಕು ಬೆರಳು ಎತ್ತರವಾದರು. ಮಲಗಿದ್ದ ಎತ್ತು ಎದ್ದು ನಿಂತು ಇವರನ್ನೇ ನೋಡತೊಡಗಿತು.

ದೌಲತರಾಯರ ತಾಯಿ ಗೌರಾಬಾಯಿ ಹೊರಗೆ ಬಂದರು. "ಯಾಕೋ ಅಂಬಾರಾಯ, ಕುಣ್ಯಾಕತ್ತಿ?"

"ಕುಣ್ಯಾಕತ್ತಿಲ್ರಿ ಅವ್ವಾರೇ. ಕಾಲಿನ ಧೂಳಿ ಝಾಡಸಾಕತ್ತೇನಿ."

"ಎರಿ ಮಣ್ಣ ಝಾಡಿಸಿದ್ರ ಹೋಗ್ತದೇನು? ತಡಿ, ನೀರ ತರ್ತೇನಿ. ತೊಳ್ಕೋ."

"ತೊಳ್ಯಾಕ ಹೇಳಿಲ್ರಿ. ಝಾಡಸಾಕೇ ಹೇಳ್ಯಾರ."

"ಯಾರು ಹೇಳ್ಯಾರ?"

"ಯೇಸು ಸ್ವಾಮಿ."

"ಅಂವ ಯಾವ ಸೀಮಿಯಂವ? ಎರಿ ನೋಡೇ ಇಲ್ಲಂತ ಕಾಣ್ತದ."

ದೌಲತರಾಯರು ಕೂರಿಗೆ ಬಿಟ್ಟು ಹತ್ತಿರ ಬಂದರು. ವಾದದ ವಾಸನೆ ಬಂದಿತ್ತು. "ಝಾಡಿಸಿದ್ರ ಏನಾಗ್ತದ?"

"ತೀರ್ಪಿನ ದಿನಾ ಈ ಧೂಳಿ ನಿಮ್ಮ ಮ್ಯಾಲ ಸಾಕ್ಷಿ ಹೇಳ್ತದ್ರಿ."

"ನನ್ನ ಹೊಲದ ಮಣ್ಣು ನನ್ನ ಮ್ಯಾಲೇ ಸಾಕ್ಷಿ ಹೇಳ್ತದ?"

"ಹೌದ್ರಿ."

"ಹ್ಯಾಂಗ ಹೇಳ್ತದಲೇ? ಅದಕ್ಕ ಗೊಬ್ಬರಾ ಹಾಕಂವ ನಾ."

ಕಾಕಾ ಇನ್ನೊಮ್ಮೆ ಕಾಲು ಒದರಿದರು. ಮಣ್ಣು ಉದುರಲಿಲ್ಲ. ಚೌಡಾಪುರದವರೆಗೆ ಅದನ್ನು ಹೊತ್ತುಕೊಂಡೇ ಬಂದರು. ಮನೆಗೆ ಬಂದು ಕೆರೆದರೆ ಅದು ವಾಕ್ಯದ ಪ್ರಕಾರ ನಡೆಯುವುದಿಲ್ಲ. ಆ ಬಾಗಿಲಲ್ಲೇ ಬೀಳಬೇಕು. ಹಾಗೆಂದು ಸಾಕ್ಷಿ ಹೇಳಬೇಕಾದ ಮಣ್ಣನ್ನು ಬೀದಿಯಲ್ಲಿ ಚೆಲ್ಲಿ ದನಕರುಗಳಿಂದ ತುಳಿಸುವುದೂ ಸರಿಯಲ್ಲ. ಆವತ್ತು ಅದನ್ನು ನುಗ್ಗೆಯ ಸಸಿಯ ಬುಡಕ್ಕೆ ಹಾಕಿದರು. ರೂಢಿ ಬಿದ್ದದ್ದು ಅಲ್ಲಿಂದ.

ಮಣ್ಣು ಉದುರಲಿಲ್ಲ ಅಂದಮೇಲೆ ಹೊಣೆ ಮುಗಿಯಲಿಲ್ಲ. ಬರಬೇಡ ಅಂದ ಬಾಗಿಲಿಗೆ ಕಾಕಾ ಮತ್ತೆ ಹೋಗಲೇಬೇಕಾಯಿತು.

ಬೇಸಿಗೆ ಬರಲಿ ಎಂದು ಕಾದರು. ಚೈತ್ರದಲ್ಲಿ ಮದ್ದರಗಿಯ ಧೂಳು ಮೊಣಕಾಲವರೆಗೆ ಏರುತ್ತದೆ. ಕಾಕಾ ಧೂಳು ಮೆತ್ತಿದ ಪಾದಗಳನ್ನು ನೋಡಿಕೊಂಡು ಸಂತೋಷದಿಂದ ಹೋಗಿ ಕಟ್ಟೆಯ ಮೇಲೆ ಕುಳಿತರು. ಇನ್ನೇನು, ಒಂದು ಬೇಡ ಬಂದರೆ ಸಾಕು. ದೌಲತರಾಯರು ಹೊರಗೆ ಬಂದು, "ಬಾರಲೇ ಅಂಬಾರಾಯ, ಎಲ್ಲಿ ಸತ್ತಿದ್ದಿ ಇಷ್ಟು ದಿವಸ? ಹೊತ್ತ ಹೋಗವಲ್ದು. ಹೇಳು, ಏನ್ ಹೇಳ್ತಿ ಹೇಳು" ಎಂದರು. ಮಜ್ಜಿಗೆ ಬಂತು. ಬಿಸಿಲು ಇಳಿಯುವವರೆಗೂ ಮಾತು ನಡೆಯಿತು. ಕಾಕಾ ಒಂದು ಹೇಳಿದರೆ, ಅದನ್ನು ನಮ್ಮ ಶರಣರು ಎಂಟುನೂರು ವರ್ಷದ ಹಿಂದೆಯೇ ಹೇಳಿದ್ದಾರೆ ಎಂದು ದೌಲತರಾಯರು. ಸಿಟ್ಟು ಬರಲಿ ಎಂದು ಕಾಕಾ ಬೇಕಂತಲೇ ಕಟುವಾಗಿ ಮಾತಾಡಿದರು. "ನಿಮಗ ನರಕಾನೇ ಗತಿ ಸಾವಕಾರ್ರೇ."

ದೌಲತರಾಯರು ತೊಡೆ ತಟ್ಟಿ ನಕ್ಕರು. "ಇವತ್ತ ಛಲೋ ಮಾತಾಡ್ದಿ. ಅವ್ವಾ, ಇವಗ ಇನ್ನೊಂದ ಕಪ್ಪ ಮಜ್ಜಿಗಿ ಹಾಕು."

ಕಾಕಾ ಮನೆಗೆ ಬಂದು ಗಿಡದ ಬುಡದಲ್ಲಿ ಚಪ್ಪಲಿ ಬಡಿದರು. ಧೂಳು ಎಷ್ಟು ಚೆಂದ ಉದುರಿತು ಎಂದರೆ ಅವರಿಗೆ ಅಳು ಬಂದಂತಾಯಿತಂತೆ.

ವರ್ಷ ವರ್ಷ ಇದೇ ನಡೆಯಿತು. ಮಳೆಗಾಲದಲ್ಲಿ ದೌಲತರಾಯರಿಗೆ ಬಿತ್ತುವ ಅವಸರ, ಸಿಟ್ಟು ಮೂಗಿನ ತುದಿಯಲ್ಲಿ. ಹೋದ ಕೂಡಲೇ ಬೇಡ ಅನ್ನುತ್ತಿದ್ದರು. ಆದರೆ ಧೂಳು ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ಬೇಕಾದಷ್ಟು ಧೂಳು. ಆದರೆ ದೌಲತರಾಯರಿಗೆ ಫುರಸತ್ತು, ಬೇಡ ಅನ್ನುತ್ತಿರಲಿಲ್ಲ. ಧೂಳೂ ಬೇಡವೂ ಒಂದೇ ದಿನ ಒಂದೇ ಬಾಗಿಲಲ್ಲಿ ಕೂಡಿಬರಲಿಲ್ಲ.

ಪಾದ್ರಿಗಳಿಗೆ ಕನಿಕರವಾಯಿತು. "ಅದು ಅಕ್ಷರಕ್ಕಕ್ಷರ ಹಿಡಿಯೂ ಮಾತಲ್ಲ ಅಂಬಾರಾಯ. ಮನಸ್ಸಿನಾಗ ಝಾಡಿಸಿಕೊಂಡ್ರ ಸಾಕು."

"ಮನಸ್ಸಿನಾಗೂ ಝಾಡಿಸಿ ನೋಡಿದೆರಿ. ಅಲ್ಲೂ ಎರಿ ಮಣ್ಣೇ ಅದ."

ನಾನು ಲಿಂಗಪೂಜೆ ಮಾಡುವವಳು. ಅವರ ಪುಸ್ತಕದ ಮಾತಿಗೆ ಅರ್ಥ ಹೇಳಲು ನನಗೆ ಬರುವುದಿಲ್ಲ. ಕಾಕಾ ನಮ್ಮ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದರು, ಮಾಣಿಕಮ್ಮ ತಿದ್ದುತ್ತಿದ್ದಳು, ನಾನು ಹಸನು ಮಾಡುವ ಜೋಳವನ್ನು ಮೊರದಲ್ಲಿಟ್ಟುಕೊಂಡು ಕೇಳುತ್ತಿದ್ದೆ. ಒಂದು ದಿನ ಮಾಣಿಕಮ್ಮನೇ ಉಪಾಯ ಹೇಳಿದಳು. "ಬ್ಯಾಸಗಿ ಧೂಳಿ ಒಂದ ಡಬ್ಬ್ಯಾಗ ತುಂಬಿಡ್ರಿ. ಮಳಗಾಲದಾಗ ಒಯ್ರಿ. ಅವರು ಬ್ಯಾಡ ಅಂದ ಕೂಡಲೇ ಕಾಲಿಗೆ ಹಾಕ್ಕೊಂಡು ಝಾಡಿಸಿ ಬರ್ರಿ."

ಕಾಕಾ ಬಹಳ ಯೋಚನೆ ಮಾಡಿದರು. ಧೂಳು ಮದ್ದರಗಿಯದೇ ಆಗಿರಬೇಕು, ದೌಲತರಾಯರ ಬಾಗಿಲದೇ ಆಗಿರಬೇಕು ಎಂದು ತೀರ್ಮಾನಿಸಿ, ಬೇಸಿಗೆಯಲ್ಲಿ ಅಲ್ಲಿಂದಲೇ ತುಂಬಿಕೊಂಡು ಬಂದರು. ಮಿರಗದಲ್ಲಿ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಹೋದರು. ದೌಲತರಾಯರು ಅಂದುಕೊಂಡ ಹಾಗೆಯೇ ಬೇಡ ಅಂದು ಎತ್ತು ಹೊಡೆದುಕೊಂಡು ಹೊಲಕ್ಕೆ ಹೋದರು. ಕಾಕಾ ಡಬ್ಬಿಯ ಮುಚ್ಚಳ ತೆಗೆದು, ಒಂದು ಹಿಡಿ ಧೂಳು ತೆಗೆದುಕೊಂಡು ಪಾದದ ಮೇಲೆ ಹಾಕಿಕೊಂಡರು. ಪಾದ ಹಸಿಯಾಗಿತ್ತು. ಧೂಳು ಕೆಸರಾಯಿತು. ಇನ್ನೊಂದು ಹಿಡಿ ಹಾಕಿದರು. ಅದೂ ಕೆಸರಾಯಿತು. ಡಬ್ಬಿಯಲ್ಲಿ ಇನ್ನು ಒಂದೇ ಹಿಡಿ ಉಳಿದಿದೆ ಎನ್ನುವಾಗ ಗೌರಾಬಾಯಿ ಹೊಸ್ತಿಲು ದಾಟಿ ಬಂದರು.

"ಗಾಣಗಾಪುರದ ದೇವರ ಭಸ್ಮ ಏನೋ ಅಂಬಾರಾಯ?"

ಕಾಕಾ ಡಬ್ಬಿಯ ಮುಚ್ಚಳ ಹುಡುಕತೊಡಗಿದರು.

"ಕಾಲಿಗ್ಯಾಕ ಹಾಕ್ಕೊಂತಿ, ಹುಚ್ಚಾ? ತಾ ಇಲ್ಲಿ" ಎಂದು ಅಜ್ಜಿ ಕೈ ಒಡ್ಡಿದರು. ಕೇಳಿದ ಮುದುಕಿಗೆ ಇಲ್ಲ ಅನ್ನುವುದು ಹೇಗೆ? ಕಾಕಾ ಕೊನೆಯ ಹಿಡಿಯನ್ನು ಅವರ ಅಂಗೈಗೆ ಸುರಿದರು. ಗೌರಾಬಾಯಿ ಕಣ್ಣು ಮುಚ್ಚಿ, ಅದನ್ನು ಮೂರು ಬೆರಳಿಂದ ಹಣೆಗೆ ಬಳಿದುಕೊಂಡು, ಉಳಿದದ್ದನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಮನೆಯ ಮೇಲೆ ಸಾಕ್ಷಿ ಹೇಳಬೇಕಾಗಿದ್ದ ಧೂಳು ಮನೆಯ ಹಿರಿಯಳ ಹಣೆಯ ಮೇಲೆ ಕುಳಿತುಕೊಂಡಿತು.

ಮುಂದಿನ ವಾರ ಅವರಿಂದ ಹೇಳಿಕೆ ಬಂತು: ತಲೆನೋವು ನಿಂತಿದೆ, ಬರುವಾಗ ಇನ್ನಷ್ಟು ತರಬೇಕು.

ಕಾಕಾ ಸುಳ್ಳು ಹೇಳುವವರಲ್ಲ. ಮುಂದಿನ ಸಲ ಹೋದಾಗ, "ಅದು ಭಸ್ಮ ಅಲ್ರಿ ಅವ್ವಾರೇ, ನಿಮ್ಮ ಬಾಗಿಲ ಮುಂದಿನ ಧೂಳಿ" ಎಂದು ಕೈಮುಗಿದು ಹೇಳಿದರು. ಅಜ್ಜಿ ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡರು. "ನಮ್ಮ ಬಾಗಿಲ ಧೂಳಿ ಒಯ್ದು, ಇಷ್ಟ ದಿವಸ ಜತನ ಮಾಡಿ ತಿರುಗಿ ತಂದಿ ಅಂದ್ರ ಅದು ಭಸ್ಮ ಅಲ್ಲದ ಮತ್ತೇನಲೇ?" ಎಂದು ಒಳಗೆ ಹೋದರು. ಆವತ್ತು ಚಹಾ ತರುವಾಗ ಗೂಡಿನ ಕಪ್ಪನ್ನು ಮುಟ್ಟಲಿಲ್ಲ. ಮನೆಯ ಹಿತ್ತಾಳೆ ಲೋಟದಲ್ಲಿ ತಂದರು. ಮುಂದೆ ಆ ಗೂಡಿನಲ್ಲಿ ಯಾರದೋ ಒಂದು ಕೋಳಿ ಮೊಟ್ಟೆಯಿಡತೊಡಗಿತು.

ಅಷ್ಟರಲ್ಲಿ ನುಗ್ಗೆ ಗಿಡ ನಮ್ಮ ಗೋಡೆಯನ್ನು ಮೀರಿ ಬೆಳೆದಿತ್ತು. ಕಾಯಿ ಒಂದೊಂದೂ ಮೊಳದುದ್ದ. ಈ ಸುದ್ದಿ ಮದ್ದರಗಿಗೆ ಮುಟ್ಟಿದಾಗ ದೌಲತರಾಯರು, "ಮಣ್ಣು ನಂದು. ಕಾಯಿಯೊಳಗ ನನ್ನ ಪಾಲ ಎಲ್ಲದ?" ಎಂದು ಕೇಳಿ ಕಳಿಸಿದರು. ಕಾಕಾನಿಗೆ ಇದು ನ್ಯಾಯವೆಂದೇ ತೋರಿತು. ಅಂದಿನಿಂದ ಹೋಗುವಾಗ ಸೈಕಲ್ಲಿಗೆ ನುಗ್ಗೆಕಾಯಿ, ಬರುವಾಗ ಚಪ್ಪಲಿಗೆ ಮಣ್ಣು.

ಗೌರಾಬಾಯಿ ತೀರಿಕೊಂಡರು. ಮದ್ದರಗಿಗೆ ಕರೆಂಟು ಬಂತು, ಟೀವಿ ಬಂತು. ದೌಲತರಾಯರ ಮಕ್ಕಳು ಟ್ರ್ಯಾಕ್ಟರ್ ತಂದು ತಾವೇ ಬಿತ್ತತೊಡಗಿದರು. ದೌಲತರಾಯರಿಗೆ ಈಗ ಮಳೆಗಾಲದಲ್ಲೂ ಫುರಸತ್ತು. ಮಿರಗದಲ್ಲಿ ಹೋದರೂ, "ಬಾ ಕೂಡು" ಅನ್ನತೊಡಗಿದರು. ಬೇಡ ಎಂಬ ಮಾತೇ ಆ ಮನೆಯಿಂದ ಹೋಯಿತು. ಕಾಕಾನ ಮೊಣಕಾಲು ಸೋರೆಕಾಯಿಯಂತೆ ಊದಿಕೊಂಡಿತ್ತು.

ಒಂದು ಬೇಸಿಗೆಯಲ್ಲಿ ಮಾಣಿಕಮ್ಮ ಗಂಡನಿಗೆ ಹೇಳದೆ ತಾನೇ ಮದ್ದರಗಿಗೆ ಹೋದಳು. ದೌಲತರಾಯರ ಮುಂದೆ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದಳು. "ಕೈ ಮುಗೀತೇನ್ರಿ ಸಾವಕಾರ್ರೇ. ಒಂದೇ ಒಂದ ಸಲ, ಧೂಳಿ ಇದ್ದಾಗ, ಅವರಿಗೆ ಬ್ಯಾಡ ಅನ್ರಿ. ಇಲ್ಲಂದ್ರ ಆ ಮನುಷ್ಯಾ ಈ ಹಾದಿ ಬಿಡಂಗಿಲ್ಲ. ಕಾಲ ಹೋಗ್ತದ."

ದೌಲತರಾಯರಿಗೆ ಆವತ್ತೇ ಪೂರ್ತಿ ತಿಳಿದದ್ದು. ತಾವು ಮಜ್ಜಿಗೆ ಕೊಟ್ಟು ಕೂಡಿಸಿ ಕೂಡಿಸಿ ಒಬ್ಬನ ಮೊಣಕಾಲು ಕೆಡಿಸಿದ್ದೇವೆ ಎಂಬುದು ಅವರ ಮನಸ್ಸಿಗೆ ಬಹಳ ಹತ್ತಿತು. "ಇಷ್ಟೇ ಏನಬೇ? ಮೊದಲ ಹೇಳಬಾರದಿತ್ತೇನು? ಕಳಸು ಅವನನ್ನ" ಎಂದರು.

ಕಾಕಾ ಹೋದ ದಿನ ಅಲ್ಲಿ ಎಲ್ಲ ತಯಾರಿತ್ತು. ದೌಲತರಾಯರು ಸೊಸೆಗೆ ಹೇಳಿ ಮೂರು ದಿನ ಅಂಗಳ ಗುಡಿಸದಂತೆ, ನೀರು ಚಿಮುಕಿಸದಂತೆ ಮಾಡಿದ್ದರು. ಬಾಗಿಲ ಮುಂದೆ ಧೂಳು ಹಾಸಿಗೆಯಂತೆ ಬಿದ್ದಿತ್ತು. ಮನೆಗೆ ಬಿಟ್ಟುಬರಲು ಟ್ರ್ಯಾಕ್ಟರ್ ಹೊರಗೆ ನಿಂತಿತ್ತು. ಸೈಕಲ್ ಇಡಲು ಅದರಲ್ಲಿ ಜಾಗವನ್ನೂ ಮಾಡಿದ್ದರು. ದೌಲತರಾಯರು ಇಸ್ತ್ರಿಯ ಅಂಗಿ ಹಾಕಿಕೊಂಡು ಹೊಸ್ತಿಲ ಮೇಲೆ ನಿಂತಿದ್ದರು. ವಿಷಯ ತಿಳಿದ ನಾಲ್ಕು ಮಂದಿ ಗೋಡೆಯ ಬದಿಗೆ ಕುಳಿತಿದ್ದರು.

"ಅಂಬಾರಾಯ, ಬರೋಬ್ಬರಿ ನಿಂದ್ರು" ಎಂದರು ದೌಲತರಾಯರು. "ಕಾಲಿಗೆ ಧೂಳಿ ಹತ್ಯಾದೇನು?"

"ಹತ್ಯಾದ್ರಿ."

"ನಾ ಈಗ ನಿನಗ ಬ್ಯಾಡ ಅಂತೇನಿ. ನೀ ಝಾಡಿಸಿಕೊಂಡ ಆರಾಮ ಮನೀಗಿ ಹೋಗು. ಸಿಟ್ಟಿಲ್ಲ, ಏನಿಲ್ಲ. ನಿನ್ನ ಮೊಣಕಾಲಿನ ಸಲುವಾಗಿ ಅಷ್ಟೇ."

ಕಾಕಾ ತಮ್ಮ ಕಾಲು ನೋಡಿಕೊಂಡರು. ಇಷ್ಟು ವರ್ಷ ಬೇಡಿಕೊಂಡದ್ದು ಪಾದದ ಮೇಲೆ ತೆಳ್ಳಗೆ, ಒಣಗಿ, ಒಂದು ಸಲ ಒದರಿದರೆ ಬೀಳುವಂತೆ ಕುಳಿತಿತ್ತು.

"ತೀರ್ಪಿನ ದಿನದ ಸಾಕ್ಷಿ ಏನ್ ಮಾಡ್ತೀರಿ ಸಾವಕಾರ್ರೇ?"

"ಹೇಳಲಿ ಬಿಡು. ಆವಾಗ ನೋಡ್ಕೊಂತೇನಿ. ನಮ್ಮ ಅವ್ವ ಮೊದಲೇ ಹೋಗ್ಯಾಳ ಅಲ್ಲಿ, ಏನರೆ ಹೇಳ್ತಾಳ." ಅವರು ಗಂಟಲು ಸರಿಮಾಡಿಕೊಂಡರು. "ಅನ್ಲೇನು?"

ಗೋಡೆಯ ಬದಿಗೆ ಕುಳಿತವರೊಬ್ಬರು, "ಅನ್ರಿ ಜಲ್ದಿ, ಬಿಸಲಾಗಾಕತ್ತದ" ಎಂದರು.

ಕಾಕಾ ಎರಡು ಹೆಜ್ಜೆ ನಡೆದು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಕಾಲನ್ನು ಅಲುಗಾಡದಂತೆ, ಧೂಳು ಬೀಳದಂತೆ, ಮೆಲ್ಲಗೆ ಮೇಲಕ್ಕೆ ಎತ್ತಿ ಇಟ್ಟುಕೊಂಡರು.

"ಬ್ಯಾಡ್ರಿ" ಎಂದರು. "ಸಿಟ್ಟಿಲೆ ಅಂದ್ರ ತಗೊಂತಿದ್ದೆ. ಕಾಳಜೀಲೆ ಅಂದದ್ದು ಬ್ಯಾಡ ಹ್ಯಾಂಗ ಆಗ್ತದ್ರಿ? ಸಿಟ್ಟ ಬಂದ ದಿನಾ ಅನ್ರಿ. ಸದ್ಯ ಒಂದ ಲೋಟ ನೀರ ಕೊಡ್ರಿ, ಪುಸ್ತಕ ಓದಾಕ ಗಂಟಲ ಒಣಗ್ಯಾದ."